ಮನೆಯ ಅಂತಸ್ತು, ಮಗುವಿನ ನಡತೆ

ಮಗು ಜಗಳಗಂಟಿಯಾದರೂ, ಮೂಲೆ ಹಿಡಿದು ಕೂತರೂ ಊರಿನವರ ಮೊದಲ ಪ್ರಶ್ನೆ ಒಂದೇ: ‘ಯಾರ ಮನೇದು?’ ಸಂಶೋಧಕರೂ ಬಹುಕಾಲ ಅದನ್ನೇ ಕೇಳಿದರು; ಅಂಕ ಹಾಕಿ ಕೇಳಿದರು, ಅಷ್ಟೆ.

ಹಳ್ಳಿಗಳಿಗೆಂದು ಉದಯ್ ಪಾರೀಕ್ ಮತ್ತು ಜಿ. ತ್ರಿವೇದಿ 1964ರಲ್ಲಿ ರೂಪಿಸಿದ ಅಳತೆಗೋಲಿನಲ್ಲಿ ಜಾತಿ, ಜಮೀನು, ಮನೆ, ಉಳುಮೆಯ ದನ ಎಲ್ಲಕ್ಕೂ ಅಂಕವಿತ್ತು. ನಗರಗಳಿಗಾಗಿ ಬಿ. ಕುಪ್ಪುಸ್ವಾಮಿ 1976ರಲ್ಲಿ ಕೊಟ್ಟದ್ದು ಸರಳ: ಓದು, ಕಸುಬು, ತಿಂಗಳ ವರಮಾನ. ಹಾಸನ ಪೇಟೆಯ ಗುಮಾಸ್ತನನ್ನು ಇದು ಸಲೀಸಾಗಿ ಅಳೆಯುತ್ತದೆ. ಚನ್ನರಾಯಪಟ್ಟಣದ ತೆಂಗು ಬೆಳೆಗಾರನ ಮುಂದೆ ತಡವರಿಸುತ್ತದೆ. ಕೊಬ್ಬರಿ ಮಾರಿದಾಗ ಕೈಗೆ ದುಡ್ಡು, ಉಳಿದಂತೆ ಕೈಸಾಲ. ಅವನ ‘ತಿಂಗಳ ವರಮಾನ’ ಯಾವ ತಿಂಗಳದ್ದು?

ಅಷ್ಟರಲ್ಲಿ ಪ್ರಶ್ನೆಯೇ ಹೊರಳಿತ್ತು. ಅಮೆರಿಕದ ಗ್ಲೆನ್ ಎಲ್ಡರ್ 1974ರ ಪುಸ್ತಕದಲ್ಲಿ, 1930ರ ದಶಕದ ಆರ್ಥಿಕ ಕುಸಿತ ಕಂಡ ಓಕ್‌ಲ್ಯಾಂಡ್‌ನ ಮಕ್ಕಳ ಬದುಕನ್ನು ಪರಿಶೀಲಿಸಿದರು. ಬಡತನ ಹೆತ್ತವರ ಸಿಟ್ಟು, ಆಯಾಸಗಳ ಮೂಲಕವೂ ಮಗುವನ್ನು ತಲುಪುತ್ತದೆ ಎಂಬ ವಾದಕ್ಕೆ ಅಲ್ಲಿಂದ ಬಲ ಬಂತು.

ಬೆಂಗಳೂರಿನಲ್ಲಿ ಕಂಡದ್ದು ಇನ್ನೂ ಅಚ್ಚರಿಯದು. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 16 ವರ್ಷದವರೆಗಿನ 2,064 ಮಕ್ಕಳಿದ್ದರು. ಶೇ 12.5ರಷ್ಟು ಮಕ್ಕಳಲ್ಲಿ ಮಾನಸಿಕ ಸಮಸ್ಯೆ ಕಂಡುಬಂತು. ಆದರೆ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನಂಟು ಕಂಡದ್ದು ಮಗು ತಿಂದ ಹೊಡೆತದೊಂದಿಗೆ, ಹೆತ್ತವರ ಮಾನಸಿಕ ಕಾಯಿಲೆಯೊಂದಿಗೆ.

ಹಾಗಾದರೆ ದುಡ್ಡು ಲೆಕ್ಕಕ್ಕಿಲ್ಲವೆ? ಉತ್ತರ ಕೆರೊಲಿನಾದ ಚೆರೋಕಿ ಕುಟುಂಬಗಳಿಗೆ 1996ರ ನಂತರ ಬುಡಕಟ್ಟಿನ ಕ್ಯಾಸಿನೊ ಲಾಭದ ಪಾಲು ಬರತೊಡಗಿತು. ಬಡತನ ದಾಟಿದ ಮನೆಗಳ ಮಕ್ಕಳಲ್ಲಿ ಪುಂಡಾಟ, ಮೊಂಡುತನ ಇಳಿದವು. ಆತಂಕ, ಖಿನ್ನತೆ ಹಾಗೇ ಉಳಿದವು. ಮಕ್ಕಳ ಮೇಲೆ ಕಣ್ಣಿಡಲು ಹೆತ್ತವರಿಗೆ ಪುರಸೊತ್ತು ಸಿಕ್ಕಿದ್ದೇ ಪುಂಡಾಟದ ಇಳಿಕೆಗೆ ಮುಖ್ಯ ಕಾರಣವೆಂದು ಜೇನ್ ಕಾಸ್ಟೆಲ್ಲೊ ತಂಡ 2003ರಲ್ಲಿ ವಿವರಿಸಿತು.

ಆ ಪುರಸೊತ್ತು ಹಾಸನ ಜಿಲ್ಲೆಯ ಅರಕಲಗೂಡಿನಲ್ಲಿ ಬೆಳೆಯ ಕೈಯಲ್ಲಿದೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ತಂಬಾಕು ಸೇರುವ ಮುನ್ನ ಎಲೆ ಬಿಡಿಸಿ, ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್‌ಗೆ ಏರಿಸಿ, ದಿನಗಟ್ಟಲೆ ಹಗಲೂ ರಾತ್ರಿ ಶಾಖ ಕಾಯಬೇಕು. ಆಗ ಕಿರಿಯರನ್ನು ನೋಡಿಕೊಳ್ಳುವುದು ಅಕ್ಕನೋ ಅಜ್ಜಿಯೋ. ಜಮೀನಿದ್ದವರ ಮನೆಯಲ್ಲಾದರೆ ಅಜ್ಜಿ ಜಗಲಿಯ ಮೇಲಿರುತ್ತಾರೆ. ಕೂಲಿಯವರ ಮನೆಯ ಅಜ್ಜಿಯೂ ಕೂಲಿಗೇ ಹೋಗಿರಬಹುದು.

ಸರ್ಕಾರದ ಗಮನವೂ ನಿಧಾನವಾಗಿ ಇತ್ತ ಸರಿದಿದೆ. 1975ರಲ್ಲಿ ಅಂಗನವಾಡಿ, 2013ರಲ್ಲಿ ‘ಕ್ಷೀರಭಾಗ್ಯ’ದ ಹಾಲು ಬಂದವು. 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ ‘ಕೂಸಿನ ಮನೆ’, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲೆಂದೇ ರೂಪಿಸಿದ್ದು.

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು. ಹೊಳೆನರಸೀಪುರದ ನೀರಾವರಿ ಹಳ್ಳಿಯ ಮಗುವೂ ಅರಕಲಗೂಡಿನ ತಂಬಾಕು ಹೊಲದ ಮಗುವೂ ಗೆಳೆತನ, ಸಿಟ್ಟು, ಹೊಣೆಗಾರಿಕೆಯಲ್ಲಿ ಹೇಗೆ ಬೆಳೆದರೆಂಬುದು ಮಾತ್ರ ಅಂಕಪಟ್ಟಿಗೆ ಸಿಕ್ಕುವುದಿಲ್ಲ. ಅದಕ್ಕೆ ಒಂದೇ ಮಗುವನ್ನು ದುಡಿಮೆ ಮೈಮೇಲೆ ಬಿದ್ದ ತಿಂಗಳಲ್ಲೂ ಬಿಡುವಿನ ತಿಂಗಳಲ್ಲೂ ಗಮನಿಸುವ, ವರಮಾನದ ಜೊತೆಗೆ ಹೆತ್ತವರು ಮನೆಗೆ ಮರಳುವ ಹೊತ್ತನ್ನೂ ಬರೆದುಕೊಳ್ಳುವ ಅಧ್ಯಯನ ಬೇಕು.