ಫ್ಯಾಕ್ಸಿನಲ್ಲಿ ಬಂದ ರಾಜೀನಾಮೆ

1999ರ ಜುಲೈ ಕೊನೆ. ಅಮೆರಿಕದ ವಿಚಿಟಾ ಎಂಬ ಊರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಬಂತು. ಆ ಊರಿನ ಹುಡುಗ ಬ್ಯಾರಿ ಸ್ಯಾಂಡರ್ಸ್ ಫುಟ್‌ಬಾಲ್ ಬಿಡ್ತಿದ್ದಾನೆ. ಪ್ರೆಸ್ ಮೀಟ್ ಇಲ್ಲ, ಕಣ್ಣೀರಿಲ್ಲ, ಅಷ್ಟೇ.

ನಮ್ಮ ಫುಟ್‌ಬಾಲ್ ಅಲ್ಲ, ಅಮೆರಿಕದವರದ್ದು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಮೇಲೆ ಬೀಳೋ ದಢೂತಿಗಳನ್ನು ತಪ್ಪಿಸಿ ಓಡುವವನೇ ರನ್ನಿಂಗ್ ಬ್ಯಾಕ್. ಐದಡಿ ಎಂಟಿಂಚಿನ ಬ್ಯಾರಿ, ಡೆಟ್ರಾಯಿಟ್ ಲಯನ್ಸ್ ತಂಡಕ್ಕಾಗಿ 10 ಸೀಸನ್‌ನಲ್ಲಿ 15,269 ಗಜ ಓಡಿದ್ದ. ವಾಲ್ಟರ್ ಪೇಟನ್‌ನ ದಾಖಲೆ ಮುಟ್ಟೋಕೆ ಬಾಕಿ ಇದ್ದದ್ದು 1,457 ಗಜ. 1997ರ ಒಂದೇ ಸೀಸನ್‌ನಲ್ಲಿ 2,053 ಗಜ ಓಡಿದವನಿಗೆ ಅದೇನು ಮಹಾ! ವಯಸ್ಸು ಇನ್ನೂ 31.

ನನಗೇನೂ ಆಶ್ಚರ್ಯವಿಲ್ಲ. ಅವನ ಮೊದಲ ವರ್ಷ, 1989ರ ಕೊನೇ ಪಂದ್ಯ ನೋಡಿ. ಲೀಗ್‌ನ ಅಗ್ರ ಓಟಗಾರನಿಗಿಂತ ಬರೀ 10 ಗಜ ಹಿಂದಿದ್ದ. ಕೋಚ್ ಮತ್ತೆ ಆಡ್ತೀಯಾ ಅಂದ್ರೆ ಬೇಡ ಅಂದ. ಪಂದ್ಯ ಹೆಚ್ಚುಕಮ್ಮಿ ಗೆದ್ದಾಗಿತ್ತಲ್ಲ. ಅವನನ್ನು ಕಾಡಿದ್ದು ಅಂಕಿಯಲ್ಲ, ತಂಡದ ಸೋಲು. ಹತ್ತು ವರ್ಷ ಬೆವರು ಹರಿಸಿದರೂ ಪ್ಲೇಆಫ್‌ನಲ್ಲಿ ಲಯನ್ಸ್ ಗೆದ್ದದ್ದು ಒಂದೇ ಪಂದ್ಯ.

ತಂಡ ಸುಮ್ಮನಿರಲಿಲ್ಲ, ಸೈನಿಂಗ್ ಬೋನಸ್ ವಾಪಸ್ ಕೊಡು ಅಂತು. ಜಾಯ್ನಿಂಗ್ ಬೋನಸ್ ಹಿಂದಿರುಗಿಸಿ ಕಂಪನಿ ಬಿಟ್ಟವರಿಗೆ ಈ ಸಂಕಟ ಗೊತ್ತು. ವಿವಾದ ಮಧ್ಯಸ್ಥಿಕೆಗೆ ಹೋಯ್ತು. ದುಡ್ಡು ಹಿಂದಿರುಗಿಸಬೇಕು ಅಂತ ತೀರ್ಪಾಯ್ತು. ಬ್ಯಾರಿ ಮಾತ್ರ ಮತ್ತೆ ಮೈದಾನಕ್ಕಿಳಿಯಲಿಲ್ಲ.