ಅಡಕೆಯ ಕೊಳೆರೋಗವೂ ಮೈಸೂರಿನ ಶೋಧನೆಯೂ

ಮಲೆನಾಡಿನಲ್ಲಿ ಪುನರ್ವಸು ಪುಷ್ಯ ಮಳೆಗಳು ಹಿಡಿದು ನಿಂತವೆಂದರೆ ಅಡಕೆಯ ತೋಟವುಳ್ಳ ಮನೆಯ ಯಜಮಾನನಿಗೆ ನಿದ್ರೆ ಬಾರದು. ಹಗಲೆಲ್ಲ ಸುರಿದ ಮಳೆ ರಾತ್ರಿಯೂ ಬಿಡದೆ, ನಡುವೆ ಒಂದೆರಡು ಗಳಿಗೆ ಬಿಸಿಲು ಕಾಣಿಸಿ ಮರಳಿ ಮೋಡ ಮುಚ್ಚಿಕೊಂಡರೆ, ಬೆಳಿಗ್ಗೆ ತೋಟಕ್ಕಿಳಿದವನ ಕಣ್ಣು ಮೊದಲು ಹುಡುಕುವುದು ಮರದ ಬುಡವನ್ನು. ಅಲ್ಲಿ ಎಳೆಯ ಹಸುರು ಕಾಯಿಗಳು ಉದುರಿ, ತೊಟ್ಟಿನ ಬಳಿ ನೀರು ಹೀರಿದಂತಹ ಕರಿಹಸುರು ಕಲೆ ಕಂಡಿತೆನ್ನಿ. ಕೆಲವೇ ದಿನಗಳಲ್ಲಿ ಹತ್ತಿಯಂತಹ ಬಿಳಿಯ ಬೂಷ್ಟು ಆ ಕಾಯಿಗಳನ್ನೆಲ್ಲ ಮುಸುಕುವುದು, ಒಂದು ಮರದಿಂದ ಹತ್ತು ಮರಕ್ಕೆ ರೋಗ ಹಬ್ಬುವುದು. ಕೊಯ್ಲಿಗೆ ಇನ್ನೂ ತಿಂಗಳುಗಳಿರುವಾಗಲೇ ಕೊನೆಗಳು ಬರಿದಾಗಿ ನಿಲ್ಲುವುವು. ಇದನ್ನು ನಮ್ಮ ಜನರು ಕೊಳೆರೋಗವೆಂದು ಕರೆದರು.

ರಾಗಿ ಜೋಳಗಳು ಒಂದು ವರ್ಷ ಕೆಟ್ಟರೆ ಮರುವರ್ಷ ಬೇರೊಂದನ್ನು ಬಿತ್ತಬಹುದು. ಅಡಕೆಯ ಗಿಡವಾದರೋ ಫಲ ಕೊಡುವುದಕ್ಕೆ ಐದಾರು ವರ್ಷ ಕಾಯಿಸತಕ್ಕದ್ದು. ಅದನ್ನೇ ನಂಬಿದವನಿಗೆ ಬೇರೆ ಹಾದಿಯಿಲ್ಲ. ಸಾಲದ ಕಂತು, ಮಗಳ ಮದುವೆ, ಕೂಲಿಯವರ ಬಟವಾಡೆ, ಎಲ್ಲವೂ ಆ ಕೊನೆಗಳಿಂದಲೇ ಇಳಿದು ಬರಬೇಕು. ಈ ಸಂಚಿಕೆಯನ್ನೋದುವ ಭಕ್ತರಲ್ಲಿ ತೋಟಿಗರು ಅನೇಕರಿರಬಹುದಾದ್ದರಿಂದ ಇದನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಈ ರೋಗಕ್ಕೆ ಮದ್ದು ದೊರೆತ ಚರಿತ್ರೆಯಾದರೋ ಅಷ್ಟಾಗಿ ಪ್ರಚಾರದಲ್ಲಿಲ್ಲ. ಶಾಸ್ತ್ರಜ್ಞಾನವು ಮನುಷ್ಯನ ನಿತ್ಯದ ಕಷ್ಟಕ್ಕೆ ಹೇಗೆ ಒದಗಿಬರುವುದೆಂಬುದನ್ನು ತಿಳಿಯಲು ನಮ್ಮ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭವಾದುದರಿಂದ ಇಲ್ಲಿ ಅದನ್ನು ಬರೆಯಲು ಉದ್ಯುಕ್ತನಾಗಿದ್ದೇನೆ.

ಶಾಸ್ತ್ರಜ್ಞರು ಬರುವುದಕ್ಕೆ ಮುಂಚೆ ರೈತನು ಕೈಕಟ್ಟಿ ಕುಳಿತಿದ್ದನೆಂದು ಭಾವಿಸತಕ್ಕದ್ದಲ್ಲ. ಅಡಕೆಯ ಹಾಳೆಯಿಂದಲೋ ಒಣಹುಲ್ಲಿನಿಂದಲೋ ಕೊಟ್ಟೆಗಳನ್ನು ಮಾಡಿ, ಮಳೆ ಹಿಡಿಯುವುದಕ್ಕೆ ಮುಂಚೆ ಪ್ರತಿಯೊಂದು ಮರವನ್ನೂ ಹತ್ತಿಸಿ, ಕೊನೆಕೊನೆಗೂ ಅವುಗಳನ್ನು ಕಟ್ಟಿಸುವ ಪದ್ಧತಿಯು ಬಹು ಹಿಂದಿನಿಂದ ಬಂದುದು. ಕಾಯಿಗೆ ನೀರು ತಾಕದಿದ್ದರೆ ಕೊಳೆ ಬಾರದೆಂಬುದನ್ನು ಆ ಹಿರಿಯರು ಯಾವ ಪುಸ್ತಕದಿಂದಲೂ ಕಲಿತವರಲ್ಲ; ತಲೆತಲಾಂತರದಿಂದ ಕಣ್ಣಿಟ್ಟು ನೋಡಿ ತಿಳಿದುಕೊಂಡವರು. ಈ ಉಪಾಯದಲ್ಲಿ ದೋಷವಿದ್ದುದು ತಿಳಿವಳಿಕೆಯಲ್ಲಲ್ಲ, ದುಡಿಮೆಯಲ್ಲಿ. ಸಾವಿರಾರು ಮರಗಳಿಗೆ ಕೊಟ್ಟೆ ಕಟ್ಟಿಸುವಷ್ಟು ಆಳುಗಳೂ ಹಣವೂ ಎಲ್ಲರಲ್ಲಿಯೂ ಇರುತ್ತಿರಲಿಲ್ಲ. ಕಟ್ಟಿಸಲಾರದವನು ಮಳೆಯ ದಯೆಯನ್ನು ನೆಚ್ಚಿಕೊಂಡಿರಬೇಕಾಗಿತ್ತು.

ಇತ್ತ ಮೈಸೂರು ಸಂಸ್ಥಾನದಲ್ಲಿ ವ್ಯವಸಾಯದ ಶೋಧನೆಗೆ ಅಂಕುರಾರ್ಪಣವಾದುದು 1899ರಲ್ಲಿ. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಸಮೀಪದ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗ ಕ್ಷೇತ್ರಕ್ಕಾಗಿ ದಯಪಾಲಿಸಿದರು. ಮೊದಲಿಗೆ ಅಲ್ಲಿ ನಡೆದುದು ಮಣ್ಣಿನ ಗುಣಕ್ಕೂ ಬೆಳೆಗೂ ಇರುವ ಸಂಬಂಧದ ಪರೀಕ್ಷೆ ಮಾತ್ರ. ಬ್ರಿಟಿಷ್ ಹಿಂದೂಸ್ಥಾನದ ಸರ್ಕಾರದಲ್ಲಿ ಬೂಷ್ಟುರೋಗಗಳ ತಜ್ಞರಾಗಿದ್ದ ಬಟ್ಲರ್ ಎಂಬವರು 1906ರಲ್ಲಿ ತಾಳೆಯ ಜಾತಿಯ ಮರಗಳ ರೋಗಗಳನ್ನು ಕುರಿತು ಬರೆದರು. 1908ರಲ್ಲಿ ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮೈಸೂರಿನ ಕೆಲಸಕ್ಕೆ ಬಂದರು. ಅವರು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದವರು. ಬೂಷ್ಟುಗಳ ಶಾಸ್ತ್ರ, ಕೀಟಶಾಸ್ತ್ರ, ಎರಡರ ಹೊಣೆಯೂ ಅವರೊಬ್ಬರ ಮೇಲೆಯೇ ಇತ್ತು. ಬಂದು ಎರಡು ವರ್ಷಗಳಾಗುವಷ್ಟರಲ್ಲಿ, ಎಂದರೆ 1910ರಲ್ಲಿ, ಕೊಳೆರೋಗವನ್ನು ಕುರಿತ ಅವರ ವರದಿಯು ಪ್ರಕಟವಾಯಿತು.

ಆ ವರದಿಯು ರೋಗದ ಮೂಲವನ್ನು ಫೈಟಾಫ್ಥೊರ ಎಂಬ ಕುಲಕ್ಕೆ ಸೇರಿದ ಒಂದು ಸೂಕ್ಷ್ಮ ಜೀವಿಯಲ್ಲಿ ಗುರುತಿಸಿತು. ಈ ಕುಲದ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕವೆಂದು ಅರ್ಥ. ಹೆಸರಿಟ್ಟವರು ಜರ್ಮನ್ ಪಂಡಿತರಾದ ಡಿ ಬಾರಿ, ವರ್ಷ 1876. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಯನ್ನು ಕೊಳೆಯಿಸಿ, ಆ ದೇಶದವರನ್ನು ಲಕ್ಷಗಟ್ಟಲೆಯಾಗಿ ಹಸಿವಿಗೆ ಬಲಿಗೊಟ್ಟ ಜೀವಿಯೂ ಇದೇ ಕುಲದ್ದು. ಇದು ಬರಿಯ ಬೂಷ್ಟಿನಂತೆ ಕಂಡರೂ ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ನಿಂತ ನೀರಿನ ತೆಳುಪೊರೆಯೇ ಅವಕ್ಕೆ ಹೊಳೆ. ಅದರಲ್ಲಿ ಚಲಿಸಿ, ಎಳೆಯ ಸಿಪ್ಪೆಯನ್ನು ಹೊಕ್ಕು, ಒಳಗೆ ಬೆಳೆಯುವುವು. ಮಳೆಯ ಹನಿಯೂ ಗಾಳಿಯೂ ಅವುಗಳನ್ನು ಪಕ್ಕದ ಮರಕ್ಕೆ ಒಯ್ಯುವುವು. ಹೀಗೆ ನೋಡಿದಾಗ ಕೊಟ್ಟೆ ಕಟ್ಟಿದ ಹಿರಿಯರ ತರ್ಕವು ಸೂಕ್ಷ್ಮದರ್ಶಕದಡಿಯಲ್ಲಿಯೂ ಸರಿಯಾಗಿಯೇ ನಿಂತಿತು. ಅವರಿಗೆ ಕಾಣದೆ ಉಳಿದಿದ್ದುದು ಶತ್ರುವಿನ ಮುಖವೊಂದೇ.

ಇಲ್ಲಿ ಒಂದು ಮಾತು. ನಮ್ಮ ಈ ಕೊಳೆರೋಗವೆಂಬ ಕನ್ನಡ ಹೆಸರು ಶಾಸ್ತ್ರಜ್ಞರ ಲ್ಯಾಟಿನ್ನಿನೊಳಕ್ಕೂ ಹೊಕ್ಕಿದೆ. ಕಾಫಿಯ ಗಿಡಕ್ಕೆ ಬರುವ, ಆದರೆ ಅಡಕೆಯದಕ್ಕಿಂತ ಬೇರೆಯಾದ, ಕೊಳೆರೋಗದ ಬೂಷ್ಟಿಗೆ ಆಂಗ್ಲ ವಿದ್ವಾಂಸರಾದ ಕುಕ್ ಎಂಬವರು 1876ರಲ್ಲಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದೇ ನಾಮಕರಣ ಮಾಡಿದರು. ತೋಟದ ಆಳು ಆಡಿದ ಮಾತು ವಿದ್ವಾಂಸರ ಗ್ರಂಥವನ್ನು ಸೇರಿದುದು ನಮಗೆ ಸಂತೋಷದ ಸಂಗತಿಯಲ್ಲವೆ?

ಶತ್ರುವು ಗೊತ್ತಾದ ಮಾತ್ರಕ್ಕೆ ಬೆಳೆ ಉಳಿಯಲಿಲ್ಲ. ಮದ್ದಿನ ಕಥೆಯು ಫ್ರಾನ್ಸ್ ದೇಶದಲ್ಲಿ ಆರಂಭವಾಗುತ್ತದೆ. ಅಲ್ಲಿಯ ಬೋರ್ಡೋ ಪಟ್ಟಣದ ಸುತ್ತಣ ದ್ರಾಕ್ಷಿಯ ತೋಟಗಳನ್ನು ಅಮೆರಿಕದಿಂದ ಬಂದ ಒಂದು ಬೂಷ್ಟುರೋಗವು ಹಾಳುಮಾಡುತ್ತಿದ್ದಿತು. ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ಕೆಲವರು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ನೀಲಿಯ ಬಣ್ಣವನ್ನು ನೋಡಿದವನು ವಿಷವೆಂದು ಹೆದರಿ ಕೈ ಚಾಚನು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಆ ದಾರಿಯಲ್ಲಿ ಬರುತ್ತ, ಒಳಗಣ ಬಳ್ಳಿಗಳೆಲ್ಲ ಎಲೆಯುದುರಿ ನಿಂತಿರುವಾಗ ರಸ್ತೆಯ ಬದಿಯವು ಮಾತ್ರ ಹಚ್ಚಗಿರುವುದನ್ನು ಕಂಡರು. ಸಾವಿರ ಜನರು ಕಂಡಿರಬಹುದಾದುದನ್ನು ಅವರು ಕಂಡು ಸುಮ್ಮನಾಗಲಿಲ್ಲ. ಪ್ರಮಾಣಗಳನ್ನು ಬದಲಾಯಿಸಿ ಪರೀಕ್ಷೆ ಮಾಡಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಳ್ಳನಿಗಾಗಿ ಮಾಡಿದ ಔಷಧವು ರೋಗಕ್ಕೆ ಆಯಿತು. ಇದೇ ಬೋರ್ಡೋ ಮಿಶ್ರಣ.

ಇದನ್ನೇ ಅಡಕೆಗೆ ಬಳಸತಕ್ಕದ್ದೆಂದು ಕೋಲ್ಮನ್ನರು ಸಲಹೆಮಾಡಿದರು. ಈ ಸಲಹೆಯನ್ನು ಕೊಡುವುದು ಸುಲಭ, ನಡೆಸುವುದು ಕಠಿನ. ದ್ರಾಕ್ಷಿಯ ಬಳ್ಳಿ ಎದೆಯೆತ್ತರದ್ದು, ಅಡಕೆಯ ಕೊನೆಯೋ ನಲವತ್ತು ಐವತ್ತು ಅಡಿಗಳ ಮೇಲೆ. ಫ್ರಾನ್ಸಿನ ಮಳೆ ತುಂತುರು. ಆಗುಂಬೆ ತೀರ್ಥಹಳ್ಳಿಗಳ ಕಡೆಯ ಮಳೆಯು ಬಳಿದುದನ್ನೆಲ್ಲ ತೊಳೆದುಬಿಡತಕ್ಕದ್ದು. ಆದಕಾರಣ ಮದ್ದು ಕಾಯಿಗೆ ಹಿಡಿದುಕೊಳ್ಳುವಂತೆ ರಾಳವನ್ನೂ ಸೋಡಾವನ್ನೂ ಕುದಿಸಿ ಮಾಡಿದ ಅಂಟನ್ನು ಬೆರೆಸುವ ಪದ್ಧತಿಯು ಬಳಕೆಗೆ ಬಂದಿತು. ಕೊನೆಗಾರನು ಮರದ ತುದಿಯಲ್ಲಿ ಕುಳಿತು ಸಿಂಪಡಿಸುವುದೂ ಒಂದು ವಿದ್ಯೆಯಾಯಿತು. ಈ ಕೊನೆಗಾರರ ಹೆಸರು ಯಾವ ವರದಿಯಲ್ಲಿಯೂ ಬರುವುದಿಲ್ಲ. ಒದ್ದೆಯಾದ, ಪಾಚಿಗಟ್ಟಿದ ಮರದಲ್ಲಿ ಕಾಲು ಜಾರಿದರೆ ಉಳಿಗತಿಯಿಲ್ಲದ ಆ ಎತ್ತರಕ್ಕೆ ಪ್ರಯೋಗಶಾಲೆಯ ಜ್ಞಾನವನ್ನು ಹೊತ್ತೊಯ್ದವರು ಅವರು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದ್ದಿತು. ಬೋರ್ಡೋ ಮಿಶ್ರಣವು ರೋಗವನ್ನು ತಡೆಯುವುದೇ ಹೊರತು, ಬಂದ ರೋಗವನ್ನು ವಾಸಿಮಾಡಲಾರದು. ಕಾಯಿಯ ಮೇಲಣ ತಾಮ್ರದ ಅಂಶವು ಬೀಜಾಣುವನ್ನು ಒಳಹೊಗದಂತೆ ಕೊಲ್ಲುವುದು; ಒಳಹೊಕ್ಕ ಮೇಲೆ ಅದರ ಆಟ ನಡೆಯದು. ಆದ್ದರಿಂದ ಮೃಗಶಿರೆಯ ಮಳೆ ಹಿಡಿಯುವುದಕ್ಕೆ ಮುಂಚೆಯೇ ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನಗಳಿಗೆ ಮತ್ತೊಂದು ಸಲ ಸಿಂಪಡಿಸಬೇಕು. ತೋಟವು ಹಸುರಾಗಿ, ಕಾಯಿ ನಳನಳಿಸುತ್ತಿರುವಾಗ, ಕಣ್ಣಿಗೆ ಕಾಣದ ರೋಗಕ್ಕೆ ಕೈಯಲ್ಲಿರುವ ಹಣವನ್ನು ಸುರಿ ಎಂದರೆ ಸಾಲಗಾರನಾದ ರೈತನು ಹೇಗೆ ಒಪ್ಪಿಯಾನು? ಇದನ್ನು ಮೌಢ್ಯವೆಂದು ಕರೆಯುವವರನ್ನು ನಾನು ಬಲ್ಲೆ. ನನಗಂತೂ ಹಾಗೆ ತೋರುವುದಿಲ್ಲ. ಸಿಂಪಡಿಸಿದ ತೋಟವೂ ಸಿಂಪಡಿಸದ ತೋಟವೂ ಒಂದೇ ಬೇಲಿಯ ಎರಡು ಬದಿಗಳಲ್ಲಿದ್ದು, ಒಂದರ ಕೊನೆ ತುಂಬಿ ಇನ್ನೊಂದರದು ಬರಿದಾದುದನ್ನು ಕಣ್ಣಾರೆ ನೋಡುವ ತನಕ ಕಾಯುವುದು ವಿವೇಕವೇ ಸರಿ. ಬರಬರುತ್ತ ನೆರೆಹೊರೆಯ ಸಾಕ್ಷಿಯಿಂದಲೇ ನಂಬಿಕೆಯು ಬೇರೂರಿತು. ಮೈಲುತುತ್ತವು ಮಲೆನಾಡಿನ ಅಂಗಡಿಗಳಲ್ಲಿ ಉಪ್ಪು ಬೆಲ್ಲಗಳ ಸಾಲಿಗೆ ಸೇರಿತು.

ಮಿಶ್ರಣವನ್ನು ಮಾಡುವ ಕ್ರಮವೂ ಮನೆಯ ಅಂಗಳಕ್ಕೆ ಒಗ್ಗುವಂತಹುದು. 100 ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಪಾಕವು ಹದಕ್ಕೆ ಬಂದಿತೇ ಎಂದು ನೋಡಲು ಹೊಳೆಯುವ ಚಾಕುವೊಂದನ್ನು ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ರಸಾಯನಶಾಸ್ತ್ರದ ಪರೀಕ್ಷೆಯೊಂದು ಅಡಿಗೆಮನೆಯ ಚಾಕುವಿಗೆ ಇಳಿದುದರಿಂದಲೇ ಓದುಬರಹವಿಲ್ಲದವನಿಗೂ ಈ ಮದ್ದು ಸ್ವಂತದ್ದಾಯಿತು.

ಕೋಲ್ಮನ್ನರು 1913ರಿಂದ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿ, 1934ರ ವರೆಗೆ ಸಂಸ್ಥಾನದ ಸೇವೆಯಲ್ಲಿದ್ದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗ ಕ್ಷೇತ್ರವು ಸ್ಥಾಪಿತವಾದುದೂ ಅವರ ಕಾಲದಲ್ಲಿಯೇ. ಜೋಳದ ಹೊಲಗಳನ್ನು ಬರಿದುಮಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಕುಲವು ಕೋಲ್ಮೇನಿಯ ಎಂದು ಅವರ ಹೆಸರನ್ನೇ ಹೊತ್ತಿದೆ. ಕೀರ್ತಿಯು ಮಿಡತೆಯ ಬೆನ್ನೇರಿ ಬರುವುದು ಕೀಟಶಾಸ್ತ್ರಜ್ಞರ ಪಾಲಿಗೆ ಮಾತ್ರ!

ಮದ್ದು ದೊರೆತ ಮೇಲೆ ಚಿಂತೆಯು ಮುಗಿಯಿತೆಂದಲ್ಲ. ಮಳೆಯು ಎಡೆಬಿಡದೆ ಸುರಿದ ವರ್ಷ ಎರಡನೆಯ ಸಿಂಪಡಣೆಗೆ ಹೊಳಪು ಸಿಕ್ಕದೆ ಕೊಳೆ ಇಂದಿಗೂ ನುಗ್ಗುವುದು. ವರ್ಷವರ್ಷವೂ ಸಿಂಪಡಿಸಿದ ತಾಮ್ರವು ತೋಟದ ಮಣ್ಣಿನಲ್ಲಿ ಶೇಖರವಾಗುವುದೆಂಬ ಹೊಸ ಪ್ರಶ್ನೆಯು ಎದ್ದಿದೆ. ಮರ ಹತ್ತುವವರು ವಿರಳರಾಗುತ್ತಿದ್ದಾರೆ. ದಕ್ಷಿಣ ಕನ್ನಡದ ವಿಟ್ಲದಲ್ಲಿ 1956ರಲ್ಲಿ ಸ್ಥಾಪಿತವಾದ ಅಡಕೆಯ ಸಂಶೋಧನ ಕೇಂದ್ರದವರು ಮಳೆಗೆ ಮುಂಚೆ ಕೊನೆಗಳಿಗೆ ಪಾಲಿಥೀನ್ ಚೀಲವನ್ನು ಹೊದಿಸುವುದನ್ನೂ ಒಂದು ಉಪಾಯವಾಗಿ ಹೇಳಿರುತ್ತಾರೆ. ಅಜ್ಜನ ಕೊಟ್ಟೆಯು ಹೊಸ ಬಟ್ಟೆಯುಟ್ಟು ಮರಳಿ ಬಂದಂತಾಯಿತು.

ಶೃಂಗೇರಿ ಕೊಪ್ಪಗಳ ಕಡೆ ಹಳದಿ ಎಲೆಯ ರೋಗವು ತೋಟಗಳನ್ನೇ ಬೋಳುಮಾಡಿದೆ. ಅದಕ್ಕೂ ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಗೂ ಸಂಬಂಧವಿರುವುದನ್ನು ಶಾಸ್ತ್ರಜ್ಞರು ಕಂಡುಹಿಡಿದಿದ್ದರೂ ವಾಸಿಮಾಡುವ ಮದ್ದು ಇನ್ನೂ ದೊರೆತಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯ ರೋಗವೂ ಮಲೆನಾಡಿನಲ್ಲಿ ಹಬ್ಬಿದೆ. ಅಲ್ಲಿಯ ತೋಟಿಗನು ಕೊಳೆಗೆಂದು ಅಂಗಳದಲ್ಲಿ ಸುಣ್ಣದ ನೀರನ್ನು ಕದಡಿ ಚಾಕುವನ್ನು ಅದ್ದಿ ನೋಡುತ್ತಿರುವಾಗಲೇ, ಹಳದಿಯಾದ ಸೋಗೆಯೊಂದನ್ನು ಕಟ್ಟಿಕೊಂಡು ಪರೀಕ್ಷೆಗೆ ಕೊಡಲು ಹೊರಟ ಮಗನನ್ನೂ ದಾರಿಗೆ ಬಿಟ್ಟು ಬರುತ್ತಾನೆ.