ವೃಷಭ ರಾಶಿಯೂ ಅದಕ್ಕಿಂತ ಹಳೆಯ ನಕ್ಷತ್ರಗಳೂ

ಭಾರತೀಯ ಜ್ಯೋತಿಷದಲ್ಲಿ ವೃಷಭ ರಾಶಿಯ ಸ್ಥಾನ ಎಷ್ಟೇ ಗಟ್ಟಿಯಾಗಿದ್ದರೂ ಅದರೊಳಗಿನ ಕೃತ್ತಿಕೆ, ರೋಹಿಣಿ ನಕ್ಷತ್ರಗಳು ಈ ನೆಲದ ಸಾಹಿತ್ಯದಲ್ಲಿ ಅದಕ್ಕಿಂತ ಬಹಳ ಮೊದಲೇ ನೆಲೆಯೂರಿದ್ದವು. ತೈತ್ತಿರೀಯ ಸಂಹಿತೆ ಮತ್ತು ಅಥರ್ವವೇದಗಳ ನಕ್ಷತ್ರಗಣನೆ ಇಂದಿನಂತೆ ಅಶ್ವಿನಿಯಿಂದ ತೊಡಗದೆ ಕೃತ್ತಿಕೆಯಿಂದ ತೊಡಗುತ್ತದೆ. ಕೃತ್ತಿಕೆಗಳು ಪೂರ್ವ ದಿಕ್ಕನ್ನು ಬಿಟ್ಟು ಕದಲುವುದಿಲ್ಲವೆಂಬ ಶತಪಥ ಬ್ರಾಹ್ಮಣದ ಹೇಳಿಕೆಯನ್ನು ಆಧರಿಸಿ ಶಂಕರ ಬಾಲಕೃಷ್ಣ ದೀಕ್ಷಿತರು 19ನೆಯ ಶತಮಾನದ ಕೊನೆಯಲ್ಲಿ ಆ ವೀಕ್ಷಣೆಯ ಕಾಲವನ್ನು ಕ್ರಿ.ಪೂ. 3000ದ ಸುಮಾರಿಗೆ ಒಯ್ದರು. ಒಂದೇ ವಾಕ್ಯದ ಮೇಲೆ ಅಷ್ಟು ಭಾರವಾದ ಕಾಲನಿರ್ಣಯವನ್ನು ನಿಲ್ಲಿಸಲು ಅನೇಕ ವಿದ್ವಾಂಸರು ಒಪ್ಪಲಿಲ್ಲ, ಆ ಹಿಂಜರಿಕೆ ನ್ಯಾಯವಾದದ್ದೇ. ಆದರೆ ವೈದಿಕ ಗಣನೆಯಲ್ಲಿ ಕೃತ್ತಿಕೆಗಿದ್ದ ಅಗ್ರಸ್ಥಾನ ನಿರ್ವಿವಾದ.

ಸೂರ್ಯಪಥವನ್ನು ತಲಾ 30 ಅಂಶಗಳ 12 ಸಮಭಾಗಗಳಾಗಿ ವಿಭಜಿಸುವ ರಾಶಿಪದ್ಧತಿ ಬ್ಯಾಬಿಲೋನಿಯದಲ್ಲಿ ರೂಪುಗೊಂಡು, ಗ್ರೀಕ್ ಜ್ಯೋತಿಷದ ಮೂಲಕ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಭಾರತದಲ್ಲಿ ನೆಲೆಗೊಂಡಿತು. 6ನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿ ವೃಷಭಕ್ಕೆ ‘ತಾವುರಿ’ ಎಂಬ ಗ್ರೀಕ್ ಮೂಲದ ಹೆಸರೂ ಉಳಿದುಕೊಂಡಿದೆ. 27 ನಕ್ಷತ್ರಗಳನ್ನು 12 ರಾಶಿಗಳಿಗೆ ಹೊಂದಿಸಲು ಪ್ರತಿ ನಕ್ಷತ್ರವನ್ನು ನಾಲ್ಕು ಪಾದಗಳಾಗಿ ಒಡೆದು ರಾಶಿಗೆ ಒಂಬತ್ತು ಪಾದಗಳಂತೆ ಹಂಚಿದುದರಿಂದ, ಆಕಾಶದಲ್ಲಿ ಒಂದೇ ಗೊಂಚಲಾಗಿ ಕಾಣುವ ಕೃತ್ತಿಕೆಯ ಮೊದಲ ಪಾದ ಮೇಷಕ್ಕೂ ಉಳಿದ ಮೂರು ವೃಷಭಕ್ಕೂ ಸೇರಿದವು. ರೋಹಿಣಿಯ ನಾಲ್ಕೂ ಪಾದಗಳು ಮತ್ತು ಮೃಗಶಿರೆಯ ಮೊದಲೆರಡು ಪಾದಗಳು ಈ ರಾಶಿಯನ್ನು ಪೂರ್ಣಗೊಳಿಸಿದವು.

ಸ್ಕಂದನಿಗೆ ಹಾಲೂಡಿದ ಆರು ತಾಯಂದಿರಾಗಿ ಕೃತ್ತಿಕೆಯರು ಪುರಾಣಪ್ರಸಿದ್ಧರು. ರೋಹಿಣಿಯ ಕಥೆ ಆಕಾಶಕ್ಕೆ ಇನ್ನೂ ಹತ್ತಿರವಾದದ್ದು. ದಕ್ಷನ 27 ಪುತ್ರಿಯರನ್ನು ವರಿಸಿದ ಚಂದ್ರನು ರೋಹಿಣಿಯೊಬ್ಬಳಲ್ಲೇ ಅನುರಕ್ತನಾಗಿ ಉಳಿದವರನ್ನು ಕಡೆಗಣಿಸಿದ್ದರಿಂದ ಮಾವನ ಶಾಪಕ್ಕೆ ಗುರಿಯಾಗಿ ಕ್ಷಯರೋಗಿಯಾದನು, ಶಾಪವು ಸಡಿಲಗೊಂಡ ಮೇಲೆ ಒಂದು ಪಕ್ಷದಲ್ಲಿ ಕುಗ್ಗಿ ಮತ್ತೊಂದು ಪಕ್ಷದಲ್ಲಿ ವೃದ್ಧಿಸುವವನಾದನು. ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿರುವ ರೋಹಿಣಿ ಎಂಬ ಈ ಕೆಂಬಣ್ಣದ ದೈತ್ಯ ತಾರೆಯ ಬಳಿ ಚಂದ್ರನು ಪ್ರತಿ ತಿಂಗಳೂ ಹಾದುಹೋಗುವುದಲ್ಲದೆ, 2015ರಿಂದ 2018ರವರೆಗೆ ನಡೆದಂತೆ ಕೆಲವು ವರ್ಷಗಳಲ್ಲಿ ತಿಂಗಳು ತಿಂಗಳೂ ಅದನ್ನು ಮರೆಮಾಡುತ್ತಾನೆ. ಕಥೆಗೆ ಕಣ್ಣಿಗೆ ಕಾಣುವ ಆಧಾರವಿದ್ದಿತೆಂದು ಊಹಿಸುವುದು ಅಸಂಗತವಾಗದು. ಶುಕ್ರನ ಅಧಿಪತ್ಯದ ವೃಷಭವೇ ಚಂದ್ರನ ಉಚ್ಚಸ್ಥಾನ, ಅಂದರೆ ಅವನು ಅತ್ಯಂತ ಬಲಿಷ್ಠನಾಗುವ ರಾಶಿ, ಎಂಬ ಗ್ರೀಕ್ ಜ್ಯೋತಿಷದ ನಿಯಮವೂ ಇದೇ ರೋಹಿಣಿಯ ಮನೆಯಲ್ಲಿ ಪುರಾಣವನ್ನು ಸಂಧಿಸಿತು.

ರಾಶಿಗಳನ್ನು ಆಧರಿಸಿದ ಈ ಫಲಜ್ಯೋತಿಷವು 1049ರ ಸುಮಾರಿಗೆ ಶ್ರೀಧರಾಚಾರ್ಯನ ಜಾತಕತಿಲಕದ ಮೂಲಕ ಕನ್ನಡದ ಗ್ರಂಥರೂಪವನ್ನು ಪಡೆಯಿತು. ಕರ್ನಾಟಕದ ರೈತರು ಮಾತ್ರ ಮಳೆಗಳನ್ನು ರಾಶಿಯಿಂದ ಗುರುತಿಸದೆ ಸೂರ್ಯನು ನಿಂತ ನಕ್ಷತ್ರದಿಂದಲೇ ಗುರುತಿಸುತ್ತ ಬಂದಿದ್ದಾರೆ. ಮೇ ತಿಂಗಳ ಕೊನೆಯ ವಾರದಲ್ಲಿ ಹುಟ್ಟಿ ಎರಡು ವಾರಗಳಷ್ಟು ಕಾಲ ನಡೆಯುವ ರೋಹಿಣಿ ಮಳೆ ಸುರಿದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ನಂಬಿಯೇ ಉತ್ತರ ಕರ್ನಾಟಕದ ಬಯಲಿನಲ್ಲಿ ಮುಂಗಾರಿನ ಬಿತ್ತನೆಯನ್ನು ಎದುರುನೋಡಲಾಗುತ್ತದೆ.